ಗುರಿಯ ಬಾಜೂಕ

ಹುಣಸೆಹುಳಿ ಸವರಿದಂತೆಲ್ಲ ಬಾಣದ ಮೊನೆಯ ಮೇಲೆ ಅಲೆಅಲೆಯಾಗಿ ಗೆರೆಗಳು ಏಳತೊಡಗಿದವು. ಎರಡು ಬಗೆಯ ಉಕ್ಕನ್ನು ಕಾಸಿ, ಬಡಿದು, ಮಡಚಿ, ಮತ್ತೆ ಬಡಿದ ದಮಾಸ್ಕಸ್ ಉಕ್ಕು ಅದು. ಖಾನಾಪುರದ ಆ ಕುಲುಮೆಗೆ ಅಪ್ಪನ ಅಂಗಡಿಯ ಇದ್ದಿಲು ಕೊಡಲು ಬಂದಿದ್ದ ಗೌರವ್ವ, ಇದ್ದಿಲು ಇಳಿಸಿ ಎಷ್ಟೋ ಹೊತ್ತಾದರೂ ಮೊನೆ ಸವರುತ್ತಲೇ ಕೂತಿದ್ದಳು.

"ಇನ್ನ ಎಷ್ಟ ತಿಕ್ಕತಿ? ಸವದ ಹೋದೀತು," ಎಂದ ಕಮ್ಮಾರ ಮೈಲಾರಲಿಂಗ.

"ಸವದ್ರ ಮತ್ತ ಮಾಡ್ರಿ. ನಾ ಮತ್ತ ಬರತೀನಿ."

ಅವನು ಓರೆಗಣ್ಣಲ್ಲಿ ನೋಡಿ ನಕ್ಕ. ಗೌರವ್ವನ ಎದೆ ಝಲ್ಲೆಂದಿತು. ಅಯ್ಯೋ, ಆ ಮೊನೆ ಯಾರದೆಂಬುದು ನೆನಪಾದದ್ದೇ ತಡ, ಅದನ್ನು ಕೆಳಗಿಟ್ಟಳು.

ಅದು ಉಳವಪ್ಪನ ಆರ್ಡರ್. ಬೆಳಗಾವಿಯ ಶಿವಬಸವ ನಗರದ ಕಟ್ಟಿಗೆ ಕಾಂಟ್ರ್ಯಾಕ್ಟರ್. ಬರುವ ತಿಂಗಳು ಅವಳಿಗೆ ತಾಳಿ ಕಟ್ಟುವವನು. ಸರಕಾರ ಬೇಟೆ ಬಂದ್ ಮಾಡಿದ ಮೇಲೆ, ಬಂದೂಕಿನ ಸದ್ದಿಗೆ ಫಾರೆಸ್ಟಿನವರು ಓಡಿಬರುತ್ತಾರೆಂದು ಬಿಲ್ಲು ಹಿಡಿದಿದ್ದ. ಬೆಳಗಾವಿ ದಂಡಿನ ಕ್ಯಾಂಪಿನ ಹಳೆಯ ಸಾಹೇಬರೊಬ್ಬರು ಕೊಟ್ಟ, ಚೀನಾ ಕಡೆಯ ಮಂಚೂರಿಯಾದ ದೊಡ್ಡ ಬಿಲ್ಲು. ಜೊತೆಗೆ ಮಂಚೂ ಬೇಟೆಗಾರರ ಅಗಲವಾದ, ಭಾರದ ಮೊನೆಗಳ ಚಿತ್ರ. ಅಂಥವೇ ಬೇಕೆಂದಿದ್ದ.

ಹೊರಗೆ ಜೀಪು ನಿಂತಿತು. ಒಳಬಂದ ಉಳವಪ್ಪ ಮೊನೆಗಳನ್ನು ನೋಡಲಿಲ್ಲ. ಹುಳಿ, ಕಬ್ಬಿಣ ಸೇರಿ ಕಪ್ಪಾಗಿದ್ದ ಗೌರವ್ವನ ಬೆರಳುಗಳನ್ನು ನೋಡಿದ.

"ಕೆಲಸ ಭಾಳ ಕಲತಿ ಬಿಡು," ಎಂದ ಮೆಲ್ಲಗೆ. ಆಮೇಲೆ ಮೈಲಾರಲಿಂಗನತ್ತ ತಿರುಗಿದ. "ಹೊಸಾ ಹತ್ಯಾರ ಪರೀಕ್ಷಾ ಮಾಡುವಾಗ ಮಾಡಿದಾವ ಗುರಿ ಬಾಜೂಕ ನಿಲ್ಲತಾನಂತ. ನಿಮ್ಮ ಮನಿತನದ ಪದ್ಧತಿ, ಖರೇ ಏನು?"

"ಖರೇ ರೀ. ಕೆಲಸದ ಮ್ಯಾಲ ನಂಬಿಗಿ ಐತಿ ಅಂತ ತೋರಸಾಕ."

"ಹಂಗಾರ ನಾಳೆ ಮುಂಜಾನೆ ನಿಲ್ಲು. ನನ್ನ ಕೈ ಇನ್ನೂ ಪಳಗಿಲ್ಲ ನೋಡು." ಅವನು ನಗುತ್ತಲೇ ಹೊರಟ.

ಜೀಪಿನ ಸದ್ದು ಅಡಗಿದ್ದೇ ಗೌರವ್ವ ಎದ್ದು ಬಂದಳು. "ನಿಲ್ಲಬ್ಯಾಡ. ಅವಗ ನಮ್ಮ ಮ್ಯಾಲ ಸಂಶೆ ಬಂದೈತಿ. ಕೈ ತಪ್ಪಿತು ಅಂತಾನ, ಮುಗೀತು!"

"ಅಜ್ಜ ನಿಂತಾನ, ಅಪ್ಪ ನಿಂತಾನ. ನಾ ಹೆಂಗ ಓಡಿ ಹೋಗ್ಲಿ?"

"ಬೆಂಕಿ ಹಚ್ಚು ನಿನ್ನ ಪದ್ಧತಿಗೆ! ನೀ ಹೋದ್ರ ನಾ ಯಾರ ಮಾರಿ ನೋಡಿ ಬದುಕಲಿ?"

ಮಾತು ಬಾಯಿಂದ ಹಾರಿಯೇ ಹೋಯಿತು. ಮೈಲಾರಲಿಂಗ ಮೊದಲ ಸಲ ಅವಳ ಕಪ್ಪು ಬೆರಳುಗಳನ್ನು ಹಿಡಿದ. "ಈ ಮಾತು ಇಷ್ಟ ದಿನಾ ಎಲ್ಲಿ ಮುಚ್ಚಿಟ್ಟಿದ್ದಿ, ಹುಚ್ಚಿ?" ಎಂದ. ಆದರೆ ನಿಲ್ಲುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಮರುದಿನ ಕುಲುಮೆಯ ಹಿಂದೆ ಸಾಗವಾನಿ ಹಲಗೆ ನಿಂತಿತು. ಅದರ ಪಕ್ಕದಲ್ಲಿ ಮೈಲಾರಲಿಂಗ. ಓಣಿಯವರ ಜೊತೆ ಗೌರವ್ವನ ಅಪ್ಪನೂ ಬಂದಿದ್ದ. ಉಳವಪ್ಪ ಹೆದೆ ಎಳೆದ. ಬಾಣದ ಮೊನೆ ಮೊದಲು ಹಲಗೆಯ ನಡುವಿನತ್ತ ಇತ್ತು. ಆಮೇಲೆ ಒಂಚೂರು, ಮತ್ತೊಂಚೂರು ಮೈಲಾರಲಿಂಗನತ್ತ ಸರಿಯಿತು.

ಅಪ್ಪ ಕೂಗುತ್ತಿದ್ದರೂ ಕೇಳದೆ ಗೌರವ್ವ ನೇರ ನಡೆದು, ಮೈಲಾರಲಿಂಗನ ಮುಂದೆ ನಿಂತು, ಹಿಂದೆ ಕೈಚಾಚಿ ಅವನ ಕೈ ಹಿಡಿದಳು.

"ಗೌರವ್ವಾ, ಸರಿ ಅತ್ತಾಗ!" ಎಂದ ಉಳವಪ್ಪ.

"ನಾ ಲಗ್ನ ಆದ್ರ ಇವನ್ನ ಆಗತೀನ್ರಿ. ಬಿಡೂದಿದ್ರ ಬಿಡ್ರಿ ಬಾಣಾ."

ಉಳವಪ್ಪ ಬಿಲ್ಲು ಇಳಿಸಿದ. ಸಿಟ್ಟಾಗಲಿಲ್ಲ, ಅದೇ ಅವಳಿಗೆ ಹೆದರಿಕೆ. ಬಾಣಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಜೀಪಿನಲ್ಲಿಟ್ಟ.

"ಕೆಲಸ ಛಲೋ ಆಗೇತಿ," ಎಂದ ಮೈಲಾರಲಿಂಗನಿಗೆ. "ಬಾಣ ನನ್ನ ಕಡೇನ ಇರಲಿ, ಕೈ ಪಳಗಿಸಬೇಕಲ್ಲ. ನೀವಿಬ್ಬರೂ ಇಲ್ಲೇ ಇರತೀರಲ್ಲ?"

ಜೀಪು ಊರಿನ ಕಡೆ ಹೋಗಲಿಲ್ಲ, ಕಾಡಿನ ದಾರಿ ಹಿಡಿಯಿತು. ಗೌರವ್ವ ಹಿಡಿದ ಕೈ ಬಿಡಲಿಲ್ಲ.