ಎರಡನೆಯ ಸಾಲು

ಹುಬ್ಬಳ್ಳಿಯ ಕುಣಿತಮಂದಿರದಲ್ಲಿ ಇಳಿಹೊತ್ತಿನ ಐದು ಗಂಟೆಗೆ ಎಂಟುನೂರು ಜನ ಕುಣಿಯುತ್ತಿದ್ದರು. ಎಲ್ಲರ ಮಣಿಕಟ್ಟಿನಲ್ಲೂ ತೆಳುವಾದ ಒಂದು ಪಟ್ಟಿ. ಅದು ನಾಡಿಮಿಡಿತವನ್ನು ಅಳೆದು ವೇದಿಕೆಯ ಮೇಲಿದ್ದ ‘ಹೊಸೆ’ಗೆ ಕಳಿಸುತ್ತಿತ್ತು. ಬತ್ತಿ ಹೊಸೆದಂತೆ ಹಾಡುಗಳನ್ನು ಹೊಸೆಯುವ ಯಂತ್ರ ಅದು. ಧ್ವನಿಮುದ್ರಣಗೊಂಡ ಹಾಡುಗಳೆಲ್ಲ ಅದರ ನೆನಪಿನಲ್ಲಿದ್ದವು. ಒಂದರ ದನಿ, ಇನ್ನೊಂದರ ತಾಳ, ಮತ್ತೊಂದರ ಕೊಳಲು. ಕುಣಿಯುವವರ ನಾಡಿ ತುಸು ಇಳಿದರೆ ಸಾಕು, ರೆಪ್ಪೆ ಬಡಿಯುವಷ್ಟರಲ್ಲಿ ಬೇರೊಂದು ಜೋಡಣೆ.

ಅದನ್ನು ರೂಪಿಸಿದ ಡಾ. ನೀಲಾಂಬಿಕಾ ಹೊಸಮನಿ ಹಿಂದಿನ ಗೋಡೆಗೆ ಒರಗಿ ಕೈಯಲ್ಲಿದ್ದ ಪರದೆ ನೋಡುತ್ತಿದ್ದಳು. ಹನ್ನೊಂದು ವರ್ಷಗಳ ಹಿಂದೆ, 2047ರಲ್ಲಿ, ಒಂದು ಜೋಡಣೆ ನಲವತ್ತು ಸೆಕೆಂಡು ಜನರನ್ನು ಹಿಡಿದಿಡುತ್ತಿತ್ತು. ಆಗ ಊರೇ ಹುಚ್ಚೆದ್ದು ಕುಣಿದಿತ್ತು. ಈಗ ಮೂರೇ ಸೆಕೆಂಡು. ಕಾಲುಗಳೇನೋ ಆಡುತ್ತಿದ್ದವು, ಮುಖಗಳು ಮಾತ್ರ ತಡವಾದ ಬಸ್ಸಿಗೆ ಕಾದು ನಿಂತವರ ಮುಖಗಳಂತಿದ್ದವು.

“ಮೇಡಂ, ಇನ್ನಷ್ಟು ಜಲ್ದಿ ಬದಲಾಗೂ ಹಂಗ ಮಾಡ್ರಿ,” ಎಂದ ಮಂದಿರದ ವ್ಯವಸ್ಥಾಪಕ ಚೆನ್ನವೀರ. “ಮಂದಿಗೆ ಬ್ಯಾಸರ ಆಗೇತಿ. ಏನ್ ಹಚ್ಚಿದ್ರೂ ಒಂದ ನಮೂನಿ ಕೇಳಸ್ತೈತಿ ಅಂತಾರ.”

“ಇನ್ನ ಜಲ್ದಿ ಮಾಡಿದ್ರ ಬರೇ ಗದ್ದಲ ಉಳಿತೈತಿ, ಚೆನ್ನವೀರ. ಇದಕ್ಕ ಹೊಸಾ ಹಾಡು ಬೇಕು.”

“ಈಗ ಯಾರ್ ಮಾಡ್ತಾರ‍್ರೀ ಹೊಸಾ ಹಾಡು?”

ಅವಳಿಗೂ ಅದು ಗೊತ್ತಿತ್ತು. ಯಂತ್ರಕ್ಕೆ ಕೊನೆಯ ಹೊಸ ಹಾಡು ಸೇರಿ ಆರು ವರ್ಷವಾಗಿತ್ತು. ಅದನ್ನು ಕಟ್ಟಿದವರು ಗದಗಿನ ದಸ್ತಗೀರ್ ನದಾಫ್. ಮರುದಿನ ಬೆಳಿಗ್ಗೆಯೇ ಅವಳು ಅವರನ್ನು ಹುಡುಕಿಕೊಂಡು ಹೋದಳು. ದಸ್ತಗೀರ್ ಅಂಗಡಿಯಲ್ಲಿ ಕುಳಿತು ಗಾದಿ ಹೊಲಿಯುತ್ತಿದ್ದರು.

“ನಿಮ್ಮ ಮ್ಯಾಲ ಸಿಟ್ಟಿಲ್ಲವ್ವಾ ನನಗ,” ಎಂದರು. “ಹಾಡು ಹೊರಗ ಬಂದ ದಿನಾನ ನಿಮ್ಮ ಯಂತ್ರ ಅದನ್ನ ಚೂರು ಚೂರು ಮಾಡ್ತು. ಮಾಡ್ಲಿ ಬಿಡ್ರಿ. ಆದ್ರ ಇದನ್ನ ಕೇಳ್ರಿ.”

ಸೂಜಿಯನ್ನು ಗಾದಿಗೆ ಚುಚ್ಚಿಟ್ಟು, ಕಣ್ಣು ಮುಚ್ಚಿ ಗುನುಗಿದರು. ಯಾರೂ ಎಲ್ಲಿಯೂ ಕೇಳಿರದ ಒಂದು ಸಾಲು ಮೆಲ್ಲಗೆ ಮೇಲೆದ್ದಿತು. ನೀಲಾಂಬಿಕಾಳ ಮೈ ಜುಮ್ಮೆಂದಿತು. ಮುಂದಿನ ಸಾಲಿಗೆ ಬರುತ್ತಲೇ ದನಿ ಜಾರಿ ಯಾವುದೋ ಹಳೆಯ ಹಾಡಿನೊಳಗೆ ಬಿತ್ತು.

“ಮೊದಲನೇದು ನಂದು. ಎರಡನೇದು ಯಾರದೋ. ಆರು ವರ್ಷ ಆತು, ದಾಟಾಕ ಆಗವಲ್ದು.”

“ಯಂತ್ರಾನ ಬಂದ್ ಮಾಡ್ತೀನ್ರಿ, ಚಾಚಾ.”

“ಮಾಡ್ರಿ,” ಎಂದು ಅವರು ಮತ್ತೆ ಸೂಜಿ ಎತ್ತಿಕೊಂಡರು. ಆ ಮಾತಿನಲ್ಲಿ ಆಸೆ ಇರಲಿಲ್ಲ.

ಭಾನುವಾರ ಕುಣಿತದ ನಡುವೆಯೇ ಅವಳು ಯಂತ್ರವನ್ನು ನಿಲ್ಲಿಸಿದಳು. ಚೆನ್ನವೀರ ತಲೆಯ ಮೇಲೆ ಕೈ ಹೊತ್ತುಕೊಂಡ. ಎಂಟುನೂರು ಜನ ನಿಂತಲ್ಲೇ ನಿಂತರು.

“ಯಾರಾದ್ರೂ ಒಂದು ಹಾಡು ಹಾಡ್ರಿ,” ಅವಳು ವೇದಿಕೆಯಿಂದ ಕೇಳಿಕೊಂಡಳು. “ನಿಮಗ ಬೇಕಾದ್ದು. ಒಂದ ಹಾಡು, ಪೂರ್ತಿ.”

ಮುಂದಿನ ಸಾಲಿನಲ್ಲಿದ್ದ, ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಿದ್ದ ನರ್ಸ್ ಒಬ್ಬಳು ಅಂಜುತ್ತ ಬಾಯಿ ತೆರೆದಳು. ಇಂಪಾದ ಕಂಠ. ಮೂರು ಸೆಕೆಂಡು ಕಳೆಯಿತು. ಅವಳಿಗೆ ಅರಿವಿಲ್ಲದೆಯೇ ಹಾಡು ಬದಲಾಯಿತು. ಮತ್ತೆ ಮೂರು ಸೆಕೆಂಡು, ಮತ್ತೊಂದು ಹಾಡು. ಪಕ್ಕದವರು ದನಿಗೂಡಿಸಿದರು. ಸ್ವಲ್ಪ ಹೊತ್ತಿನಲ್ಲೇ ಎಂಟುನೂರು ಬಾಯಿಗಳೂ ಒಂದೇ ಗಳಿಗೆಗೆ ಹಾಡಿನಿಂದ ಹಾಡಿಗೆ ಹಾರುತ್ತಿದ್ದವು. ಕಾಲುಗಳು ಆಡತೊಡಗಿದವು. ಮುಖಗಳ ಮೇಲೆ ಅದೇ ದಣಿವು. ನೀಲಾಂಬಿಕಾ ವೇದಿಕೆಯ ಮೆಟ್ಟಿಲ ಮೇಲೆ ಕುಳಿತಳು.

ತನ್ನ ಪಾಪದ ತೂಕ ಎಷ್ಟೆಂದು ತಿಳಿಯಲೇಬೇಕೆಂಬ ಹಟ ಅವಳಿಗೆ ಹುಟ್ಟಿತು. ಒಂದು ಹಾಡನ್ನು ಕೊನೆಯವರೆಗೆ ಕೇಳಿದವರೆಷ್ಟು ಎಂಬ ಹಳೆಯ ದಾಖಲೆಗಳನ್ನು ತರಿಸಿ ವರ್ಷವರ್ಷದ್ದನ್ನೂ ಜೋಡಿಸಿದಳು. 2047ರಲ್ಲಿ ಗೆರೆ ಧೊಪ್ಪನೆ ಬಿದ್ದಿರುತ್ತದೆ ಎಂದುಕೊಂಡಿದ್ದಳು. ಬಿದ್ದಿರಲಿಲ್ಲ. ಅದಕ್ಕಿಂತ ಎಷ್ಟೋ ಮೊದಲೇ ಅದು ಇಳಿಯತೊಡಗಿತ್ತು. ಅವಳು ಹಿಂದೆ ಹಿಂದೆ ಸರಿದಳು: 2040, 2035, ಕೊನೆಗೆ ತಾನಿನ್ನೂ ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಕಾಲ. ಗೆರೆ ಮೊದಲು ಬಾಗಿದ್ದು ಅಲ್ಲಿ. ಹೆಸರಿಲ್ಲದ ಯಾರೋ ಒಬ್ಬರು ಫೋನಿನಲ್ಲಿ ಹೊಸದೊಂದು ಹಾಡು ಹಚ್ಚಿದ್ದರು. ಚರಣ ಇನ್ನೂ ಶುರುವಾಗಿರಲಿಲ್ಲ. ಬೆರಳು ಆಗಲೇ ಮುಂದಿನ ಹಾಡಿಗೆ ಸರಿದಿತ್ತು.

ಆ ಬೆರಳಿಗೆ ಏನು ಅವಸರವಿತ್ತು ಎಂಬುದು ದಾಖಲೆಯಲ್ಲಿರಲಿಲ್ಲ.