ನಾಲ್ಕನೇ ಜೋಡಿ ಬೂಟು

ನೆದರ್‌ಲ್ಯಾಂಡ್ಸಿನಲ್ಲಿ ಗುಡ್ಡವೇ ಇಲ್ಲ, ಸ್ಕೀಯಿಂಗ್ ಎಲ್ಲಿಂದ ಬಂತು ಎಂದು ನಗಬೇಡಿ. ದಕ್ಷಿಣದ ತುದಿಯಲ್ಲಿ ಒಂದು ದಿಣ್ಣೆಗೆ ಛಾವಣಿ ಹೊದಿಸಿ, ಒಳಗೆ ವರ್ಷವಿಡೀ ಹಿಮ ಸುರಿಸುತ್ತಾರೆ, ಪಕ್ಕದಲ್ಲೇ ಹೋಟೆಲು. ಕಳೆದ ಫೆಬ್ರವರಿಯಲ್ಲಿ ನಾವಿರುವ ಊರಾದ ವೆಲ್ಡ್‌ಹೋವನ್‌ನಿಂದ ನಾನು, ಹೆಂಡತಿ ಶರಣ್ಯಾ, ಧಾರವಾಡದಿಂದ ಬಂದಿದ್ದ ಅವ್ವ, ಮೂವರೇ ಎರಡು ದಿನಕ್ಕೆ ಅಲ್ಲಿಗೆ ಹೋಗಿದ್ದೆವು.

ಬೂಟು ಕೋಣೆಯೊಳಗೆ ತಂದರೆ ಅವ್ವನಿಗೆ ಆಗದು. ಹಾಗಾಗಿ ಮೂರು ಜೋಡಿಯನ್ನೂ ಹೋಟೆಲಿನ ಕಾರಿಡಾರಿನಲ್ಲೇ ಬಾಗಿಲ ಮುಂದೆ ಬಿಟ್ಟೆವು. ಚಹಾ ಕುಡಿದು ಬಾಗಿಲು ತೆರೆದರೆ ನಾಲ್ಕು ಜೋಡಿ ಇದ್ದವು. ನಾಲ್ಕನೆಯದು ಮಗುವಿನ ಕೆಂಪು ಬೂಟು. ಅದರ ತುಂಬ ಹಿಮವಿತ್ತು. ಕಾರಿಡಾರಿನಲ್ಲಿ ಹೀಟರ್ ಉರಿಯುತ್ತಿದ್ದರೂ ಅದು ಕರಗಿರಲಿಲ್ಲ.

ಕೆಳಗೆ ರಿಸೆಪ್ಷನ್‌ನಲ್ಲಿ ಕೇಳಿದೆ. ಆ ಮಹಡಿಯಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇಲ್ಲವಂತೆ.

"ಬೂಟು ಹೊರಗ ಅದಾವ ಅಂದ್ರ ಕಾಲು ಒಳಗ ಇರಬೇಕಲ್ಲೋ ತಮ್ಮಾ?" ಎಂದಳು ಅವ್ವ.

ನಾನು ನಕ್ಕೆ. ಆದರೂ ಬಚ್ಚಲು, ಕಪಾಟು, ಮಂಚದ ಕೆಳಗೆ ಎಲ್ಲ ನೋಡಿದೆ. ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೊರಡುವಾಗ ಮೂರೇ ಜೋಡಿ ಇದ್ದವು. "ಸದ್ಯ, ಯಾರೋ ಒಯ್ದಾರ," ಎಂದು ಶರಣ್ಯಾ ನಿಟ್ಟುಸಿರು ಬಿಟ್ಟಳು.

ಕಾರು ಹೊರಟ ಕೂಡಲೇ ಬೆಲ್ಟ್ ಹಾಕಿಲ್ಲವೆಂಬ ಸದ್ದು ಶುರುವಾಯಿತು. ನಾವು ಮೂವರೂ ಹಾಕಿದ್ದೆವು. ಪರದೆಯಲ್ಲಿ ಕೆಂಪಗೆ ಮಿನುಗುತ್ತಿದ್ದುದು ಹಿಂದೆ ಅವ್ವನ ಪಕ್ಕದ ಸೀಟು. ಅಲ್ಲಿ ಭಾರ ಬೀಳಲು ಒಂದು ಚೀಲವೂ ಇರಲಿಲ್ಲ; ಸಾಮಾನೆಲ್ಲ ಡಿಕ್ಕಿಯಲ್ಲಿತ್ತು, ನಾನೇ ಇಟ್ಟಿದ್ದೆ.

ಅವ್ವ ಕೈ ಚಾಚಿ, ಆ ಖಾಲಿ ಸೀಟಿನ ಬೆಲ್ಟ್ ಎಳೆದು ಹಾಕಿದಳು. ಸದ್ದು ನಿಂತಿತು.