ಯಂತ್ರವಿಲ್ಲದ ಇಪ್ಪತ್ತೆರಡು ದಿನ

ಮಾರ್ಚ್ ಹನ್ನೊಂದರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದವಳು ಪುಸ್ತಕಗಳಿಗೆ ರಟ್ಟು ಕಟ್ಟುವ ಹೆಂಗಸು. ಬೆರಳ ತುದಿಯಲ್ಲಿ ಅಂಟು ಒಣಗಿತ್ತು. ಇನ್‌ಸ್ಪೆಕ್ಟರ್ ಕೂರಿ ಎಂದರೂ ಕೂರದೆ, ತಾನೇ ಹೊಲಿದ ಪುಸ್ತಕವೊಂದನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.

ಅವಳ ತಮ್ಮನಿಗೆ ಹುಟ್ಟಿನಿಂದಲೇ ಹಿಮೋಫಿಲಿಯಾ. ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಕೀಲುಗಳ ಒಳಗೂ ಸೋರಿ ಮೊಣಕಾಲು ಊದಿಕೊಳ್ಳುತ್ತದೆ. ಆಗೆಲ್ಲ ಖಾಸಗಿ ರಕ್ತನಿಧಿಯಿಂದ, ದಾನಿಗಳ ರಕ್ತದಲ್ಲಿ ಬೇರ್ಪಡಿಸಿದ ಹೆಪ್ಪುಗಟ್ಟಿಸುವ ಅಂಶದ ಚೀಲ ತಂದು ಏರಿಸಬೇಕು. ಹದಿನಾರು ವರ್ಷಗಳಿಂದ ಪ್ರತಿ ಚೀಲದ ಚೀಟಿಯನ್ನೂ ಅವಳು ಈ ಪುಸ್ತಕದಲ್ಲಿ ಅಂಟಿಸುತ್ತ ಬಂದಿದ್ದಳು. ಹೋದ ತಿಂಗಳು ತಮ್ಮನ ರಕ್ತದಲ್ಲಿ ಹೆಪಟೈಟಿಸ್ ಸಿ ಕಾಣಿಸಿತು. ಮಾತ್ರೆಗಳಿವೆ, ವಾಸಿಯಾಗುತ್ತದೆ ಎಂದರು ವೈದ್ಯರು. ಅವಳು ಅಷ್ಟಕ್ಕೇ ಸುಮ್ಮನಾಗದೆ ಅದೇ ಕಾಯಿಲೆಯವರ ಮನೆಮನೆ ತಿರುಗಿದಳು. ಇನ್ನಿಬ್ಬರಿಗೆ ಅದೇ ಸೋಂಕು. ಮೂವರಿಗೂ ಏರಿಸಿದ್ದು ಅದೇ ರಕ್ತನಿಧಿಯ ನವೆಂಬರಿನ ಚೀಲಗಳು.

"ರಕ್ತನಿಧಿಗೆ ಎರಡು ಸಲ ಹೋಗಿ ಕೇಳ್ದೆ ಸರ್. ಟೆಸ್ಟ್ ಮಾಡೇ ಕೊಡೋದು ಅಂತ ಬಾಗಿಲಿಂದಾನೇ ಕಳಿಸಿದ್ರು. ಆ ತಿಂಗಳ ಚೀಲ ಇನ್ನೂ ಫ್ರೀಜರ್‌ನಲ್ಲಿರ್ತಾವೆ."

11.45ಕ್ಕೆ ಎಫ್‌ಐಆರ್ ದಾಖಲಾಯಿತು. ಫ್ರೀಜರ್‌ಗೆ ಮೊಹರು ಹಾಕಲು ಇನ್‌ಸ್ಪೆಕ್ಟರ್ ಎದ್ದರು. ಅವಳು ತಡೆದಳು.

"ಬೇರೆ ಕಡೆಯಿಂದ ಚೀಲ ತರಿಸಿ ಆಮೇಲೆ ಮುಚ್ಚಿ ಸರ್. ಇವತ್ತೇ ಯಾರಿಗಾದ್ರೂ ರಕ್ತ ಸೋರಿದ್ರೆ?"

ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ತನಗೆ ಹೊಳೆಯದ್ದು ಇವಳಿಗೆ ಹೊಳೆಯಿತಲ್ಲ ಎಂದುಕೊಂಡು ಅವರು ಸರ್ಕಾರಿ ಆಸ್ಪತ್ರೆಗೆ ಫೋನ್ ಮಾಡಿದರು. 2.10ಕ್ಕೆ ಐಸ್ ಪೆಟ್ಟಿಗೆಯಲ್ಲಿ ಮೂವತ್ತು ಚೀಲ ರಕ್ತನಿಧಿಗೆ ಬಂದವು. 2.30ಕ್ಕೆ ಔಷಧ ನಿರೀಕ್ಷಕರ ಮುಂದೆ ಪಂಚನಾಮೆ ಮಾಡಿ ಅಲ್ಲಿನ ಫ್ರೀಜರ್‌ಗೆ ಮೊಹರು ಬಿತ್ತು.

ಪರೀಕ್ಷೆಯ ರಿಜಿಸ್ಟರ್‌ನಲ್ಲಿ ಒಂದು ಗೆರೆಯೂ ಖಾಲಿಯಿರಲಿಲ್ಲ. ಪ್ರತಿ ಚೀಲದೆದುರು 'ಸೋಂಕಿಲ್ಲ', ಪಕ್ಕದಲ್ಲಿ ಟೆಕ್ನೀಷಿಯನ್ ಸಹಿ. ಆದರೆ ಠಾಣೆಯ ಹೆಡ್ ಕಾನ್‌ಸ್ಟೇಬಲ್, ಯಾರಾದರೂ ಸೀನಿದರೂ ಎಷ್ಟು ಗಂಟೆಗೆಂದು ಬರೆದಿಡುವ ಆಸಾಮಿ. ಎಲ್ಲರೂ ಅವರನ್ನು ಗಡಿಯಾರ ಎನ್ನುತ್ತಿದ್ದರು. ರಿಜಿಸ್ಟರ್ ತಲೆಗೆ ಹತ್ತದೆ ಪರೀಕ್ಷಾ ಯಂತ್ರದ ಹಿಂದೆ ಬಗ್ಗಿದವರಿಗೆ ರಿಪೇರಿಯವರ ಸ್ಟಿಕರ್ ಸಿಕ್ಕಿತು. ವಿಚಾರಿಸಿದಾಗ, ನವೆಂಬರ್ ನಾಲ್ಕರಿಂದ ಇಪ್ಪತ್ತೈದರವರೆಗೆ ಯಂತ್ರ ವರ್ಕ್‌ಶಾಪಿನಲ್ಲಿತ್ತೆಂದು ತಿಳಿಯಿತು. ಆ ದಿನಗಳಲ್ಲಿ ತೊಂಬತ್ತಾರು ಪರೀಕ್ಷೆಗಳು ದಾಖಲಾಗಿದ್ದವು.

ಇನ್‌ಸ್ಪೆಕ್ಟರ್ ಟೆಕ್ನೀಷಿಯನ್‌ನನ್ನು ಕರೆಸಿದರು.

"ಯಂತ್ರ ಇಲ್ದೆ ಹೇಗೆ ಟೆಸ್ಟ್ ಮಾಡಿದ್ರಿ?"

"ಹೊರಗಡೆ ಕಳಿಸ್ದೆ."

"ಯಾವ ಲ್ಯಾಬ್‌ಗೆ?"

ಟೆಕ್ನೀಷಿಯನ್ ಮುಂದಿದ್ದ ರಿಜಿಸ್ಟರನ್ನು ಮುಚ್ಚಿ ಆಚೆ ಸರಿಸಿದ.

ಹದಿನಾರರಂದು ಸರ್ಕಾರಿ ಲ್ಯಾಬಿನ ವರದಿ ಬಂತು. ಫ್ರೀಜರ್‌ನಲ್ಲಿ ಉಳಿದಿದ್ದ ಹನ್ನೊಂದು ನವೆಂಬರ್ ಚೀಲಗಳ ಪೈಕಿ ಒಂದರಲ್ಲಿ ವೈರಸ್ ಇತ್ತು. ಅವಳು ಬಾರದಿದ್ದರೆ ಅದು ಯಾರದೋ ಮೈಸೇರುತ್ತಿತ್ತು. ಅಷ್ಟರಲ್ಲಿ ಅವಳು ಅಂಗಡಿಗೆ ಬೀಗ ಹಾಕಿ, ಆರೋಗ್ಯ ಇಲಾಖೆಯವರ ಜೊತೆ ರಕ್ತ ಪಡೆದವರ ಮನೆಗಳಿಗೆ ಹೊರಟಾಗಿತ್ತು. ಹೆದರಿ ಬಾಗಿಲು ತೆಗೆಯದವರಿಗೆ ತಮ್ಮನ ಮಾತ್ರೆಯ ಡಬ್ಬಿ ತೋರಿಸಿ, ಗುಣವಾಗುವ ಕಾಯಿಲೆ ಎಂದು ಒಪ್ಪಿಸಿ ಪರೀಕ್ಷೆಗೆ ಹೊರಡಿಸುತ್ತಿದ್ದಳು. ಇಂಥವರು ನಾಲ್ಕು ಜನ ನಮ್ಮ ಪೊಲೀಸ್ ಇಲಾಖೆಗೆ ಸಿಕ್ಕಿದ್ದರೆ ಎಂದು ಇನ್‌ಸ್ಪೆಕ್ಟರ್ ಗಡಿಯಾರನ ಮುಂದೆ ಹೇಳಿಕೊಂಡರು.

ಹದಿನೇಳರ ಸಂಜೆ 4.05ಕ್ಕೆ ಟೆಕ್ನೀಷಿಯನ್ ಬಂಧನವಾಯಿತು. ಐವತ್ತು ದಾಟಿದ, ಅಲ್ಲಿಯವರೆಗೆ ಒಂದು ಮೆಮೋ ಕೂಡ ಪಡೆಯದ ಮನುಷ್ಯ. ಯಾರ ಒತ್ತಾಯವೂ ಇರಲಿಲ್ಲವೆಂದು ಒಪ್ಪಿಕೊಂಡ.

"ಮೊದಲ್ನೇ ದಿನ ಹೆರಿಗೇಲಿ ರಕ್ತ ಸೋರ್ತಿದ್ದವಳಿಗೆ ಅರ್ಜೆಂಟ್ ಬೇಕಿತ್ತು ಸರ್. ಸುಮ್ನೆ ಬರೆದುಕೊಟ್ಟೆ. ಅವಳು ಬದುಕಿದ್ಲು. ಮಾರನೇ ದಿನ ಬಂದವರಿಗೆ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ಅದೇ ಅಭ್ಯಾಸ ಆಗೋಯ್ತು."

"ಯಂತ್ರ ವಾಪಸ್ ಬಂದಾಗ?"

"ದಾನಿಗಳ ಸ್ಯಾಂಪಲ್ ಎಲ್ಲಾ ಇದ್ವು. ಒಂದೇ ದಿನದ ಕೆಲಸ."

"ಮತ್ತೆ ಯಾಕೆ ಮಾಡ್ಲಿಲ್ಲ?"



"ರಿಸಲ್ಟ್ ಏನ್ ಬರುತ್ತೋ ಅಂತ ಹೆದರಿಕೆ ಆಯ್ತು."